ಡಾ. ಪ್ಯಾಟ್ರಿಕ್ ರಸೆಲ್ (1727–1805): ಕಡಲ ಹಾವುಗಳ ವರ್ಗೀಕರಣಕ್ಕೆ ಆಧಾರ ಒದಗಿಸಿದ ವೈದ್ಯ

ಪೀಠಿಕೆ

ಕರ್ನಾಟಕದ ಕರಾವಳಿಯಲ್ಲಿ ಮೀನುಗಾರಿಕೆಯನ್ನು ವೃತ್ತಿಯಾಗಿ ಕೈಗೊಂಡಿರುವವರಿಗೆ ಕಡಲ ಹಾವು ಅಪರಿಚಿತ ಜೀವಿಯಲ್ಲ. ಟ್ರಾಲ್ ಬಲೆಯಲ್ಲಾಗಲಿ, ಕೈರಂಪಣಿ ಬಲೆಯಲ್ಲಾಗಲಿ ಮೀನಿನ ರಾಶಿಯೊಡನೆ ಇಂತಹ ಹಾವುಗಳು ಸಿಕ್ಕಿಬೀಳುವುದುಂಟು. ಇವುಗಳಲ್ಲಿ ಎಷ್ಟು ಪ್ರಭೇದಗಳಿವೆ, ಯಾವ ಪ್ರಭೇದ ಯಾವ ಕಡಲಿನಲ್ಲಿ ವಾಸಿಸುತ್ತದೆ, ಒಂದನ್ನು ಇನ್ನೊಂದರಿಂದ ಗುರುತಿಸುವುದು ಹೇಗೆ ಎಂಬ ಪ್ರಶ್ನೆಗಳಿಗೆ ಇಂದು ವಿಜ್ಞಾನದಲ್ಲಿ ಬಹುಮಟ್ಟಿಗೆ ಉತ್ತರವಿದೆ. ಈ ಉತ್ತರದ ಮೊದಲ ಪುಟಗಳು ಸಿದ್ಧವಾದದ್ದು ಭಾರತದ ಪೂರ್ವ ಕರಾವಳಿಯಲ್ಲಿ. ಅವುಗಳನ್ನು ಸಿದ್ಧಪಡಿಸಿದವರು ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ವೈದ್ಯರಾದ ಡಾ. ಪ್ಯಾಟ್ರಿಕ್ ರಸೆಲ್ ಅವರು.

ರಸೆಲ್ ಅವರ ಹೆಸರು ನಾಡಿನ ಜನತೆಗೆ ಬೇರೊಂದು ಕಾರಣದಿಂದ ಪರಿಚಿತವಾಗಿದೆ. ನಾವು ಕೊಳಕುಮಂಡಲವೆಂದು ಕರೆಯುವ ವಿಷದ ಹಾವನ್ನು ಇಂಗ್ಲಿಷಿನಲ್ಲಿ ಅವರ ಹೆಸರಿನಿಂದಲೇ ರಸೆಲ್ಸ್ ವೈಪರ್ ಎಂದು ಕರೆಯಲಾಗುತ್ತದೆ. ನೆಲದ ಹಾವುಗಳ ಬಗ್ಗೆ ಅವರು ಮಾಡಿದ ಕೆಲಸ ಪ್ರಸಿದ್ಧವಾಗಿರುವಷ್ಟು ಕಡಲ ಹಾವುಗಳ ಬಗ್ಗೆ ಮಾಡಿದ ಕೆಲಸ ಪ್ರಸಿದ್ಧವಾಗಿಲ್ಲ. ಆದ್ದರಿಂದ ಅವರ ಜೀವನವನ್ನೂ, ಅವರು ಬಿಟ್ಟುಹೋದ ದಾಖಲೆಗಳಿಂದ ಒಂದು ಕಡಲ ಹಾವಿನ ವರ್ಗೀಕರಣ ಮತ್ತು ಭೌಗೋಳಿಕ ಹಂಚಿಕೆಯ ವಿಷಯವು ಹೇಗೆ ಬೆಳೆಯಿತೆಂಬುದನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಸಂಕ್ಷೇಪವಾಗಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಪ್ಯಾಟ್ರಿಕ್ ರಸೆಲ್ ಅವರು 1727ರ ಫೆಬ್ರವರಿ 6ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ಅವರ ತಂದೆ ಜಾನ್ ರಸೆಲ್ ಅವರು ವಕೀಲರಾಗಿದ್ದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಶಿಕ್ಷಣ ಪಡೆದ ಪ್ಯಾಟ್ರಿಕ್ ಅವರು 1750ರಲ್ಲಿ ಎಂ.ಡಿ. ಪದವಿ ಗಳಿಸಿದರು. ಆ ಕಾಲದಲ್ಲಿ ವೈದ್ಯರಾಗುವವರು ಔಷಧಿಯ ಗಿಡಮೂಲಿಕೆಗಳನ್ನು ತಿಳಿಯಲು ಸಸ್ಯಶಾಸ್ತ್ರವನ್ನೂ ಅಭ್ಯಾಸ ಮಾಡುತ್ತಿದ್ದರು. ವೈದ್ಯರೇ ಪ್ರಕೃತಿ ವಿಜ್ಞಾನಿಗಳೂ ಆಗಿರುತ್ತಿದ್ದುದು ಆ ಶತಮಾನದಲ್ಲಿ ಸಾಮಾನ್ಯ ಸಂಗತಿಯಾಗಿತ್ತು.

ರಸೆಲ್ ಅವರ ಮಲ ಅಣ್ಣ ಅಲೆಕ್ಸಾಂಡರ್ ರಸೆಲ್ ಅವರೂ ವೈದ್ಯರಾಗಿದ್ದು, ಈಗಿನ ಸಿರಿಯಾ ದೇಶದ ಅಲೆಪ್ಪೊ ನಗರದಲ್ಲಿ ಇಂಗ್ಲಿಷ್ ವರ್ತಕರ ಕೋಠಿಯ ವೈದ್ಯರಾಗಿ ಸೇವೆ ಸಲ್ಲಿಸುತ್ತಿದ್ದರು. ಪದವಿ ಪಡೆದ ವರ್ಷವೇ ಪ್ಯಾಟ್ರಿಕ್ ಅವರು ಅಣ್ಣನ ಬಳಿಗೆ ತೆರಳಿದರು. 1753ರಲ್ಲಿ ಅಲೆಕ್ಸಾಂಡರ್ ಅವರು ಇಂಗ್ಲೆಂಡಿಗೆ ಮರಳಿದಾಗ ಆ ಹುದ್ದೆಯು ಪ್ಯಾಟ್ರಿಕ್ ಅವರಿಗೆ ದೊರೆಯಿತು. ಅಣ್ಣನು 1756ರಲ್ಲಿ ಅಲೆಪ್ಪೊ ನಗರದ ಜನಜೀವನ, ಸಸ್ಯ, ಪ್ರಾಣಿ ಮತ್ತು ರೋಗಗಳನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದರು. ಮುಂದೆ 1794ರಲ್ಲಿ ಪ್ಯಾಟ್ರಿಕ್ ಅವರೇ ಈ ಗ್ರಂಥವನ್ನು ಪರಿಷ್ಕರಿಸಿ, ವಿಸ್ತರಿಸಿ ಎರಡನೆಯ ಆವೃತ್ತಿಯನ್ನು ಹೊರತಂದರು.

ಅಲೆಪ್ಪೊ ನಗರದಲ್ಲಿ ಸೇವೆ

1760ರಿಂದ 1762ರವರೆಗೆ ಅಲೆಪ್ಪೊ ನಗರವು ಪ್ಲೇಗ್ ಮಾರಿಗೆ ತುತ್ತಾಯಿತು. ಯುರೋಪಿನ ವರ್ತಕರು ಮನೆಗಳ ಬಾಗಿಲು ಹಾಕಿಕೊಂಡು ಒಳಗೇ ಉಳಿಯುತ್ತಿದ್ದ ಆ ಕಾಲದಲ್ಲಿ ರಸೆಲ್ ಅವರು ರೋಗಿಗಳ ವಿವರಗಳನ್ನು ದಿನಚರಿಯಂತೆ ಬರೆದಿಟ್ಟರು. ರೋಗವು ಯಾವ ತಿಂಗಳಲ್ಲಿ ಏರಿತು, ಯಾವಾಗ ಇಳಿಯಿತು, ಯಾವ ಲಕ್ಷಣಗಳು ಮೊದಲು ಕಂಡವು ಎಂಬುದೆಲ್ಲವೂ ಅವರ ದಾಖಲೆಗಳಲ್ಲಿ ಸ್ಥಾನ ಪಡೆಯಿತು. ಈ ದಾಖಲೆಗಳ ಆಧಾರದ ಮೇಲೆ ಅವರು ರಚಿಸಿದ ಪ್ಲೇಗ್ ಕುರಿತ ಬೃಹತ್ ಗ್ರಂಥವು ಸುಮಾರು ಮೂವತ್ತು ವರ್ಷಗಳ ನಂತರ, 1791ರಲ್ಲಿ ಪ್ರಕಟವಾಯಿತು. ಅವರ ಸೇವೆಯನ್ನು ಮೆಚ್ಚಿದ ಅಲ್ಲಿನ ಪಾಷಾ ಅವರು, ಪೇಟವನ್ನು ಧರಿಸುವ ವಿಶೇಷ ಗೌರವವನ್ನು ಅವರಿಗೆ ನೀಡಿದ್ದರು.

ಕಂಡದ್ದನ್ನು ಕಂಡ ದಿನವೇ ಬರೆದಿಡುವ, ಸ್ಥಳೀಯರಿಂದ ಕೇಳಿ ತಿಳಿಯುವ ಮತ್ತು ಆತುರದಿಂದ ತೀರ್ಮಾನಕ್ಕೆ ಬಾರದಿರುವ ಕ್ರಮವನ್ನು ಅವರು ಅಲೆಪ್ಪೊ ನಗರದಲ್ಲಿ ರೂಢಿಸಿಕೊಂಡರು. ಮುಂದೆ ಹಾವುಗಳ ಅಧ್ಯಯನದಲ್ಲಿಯೂ ಇದೇ ಕ್ರಮವು ಅವರ ನೆರವಿಗೆ ಬಂದಿತು. ಸುಮಾರು ಇಪ್ಪತ್ತು ವರ್ಷಗಳ ವಾಸದ ನಂತರ ಇಂಗ್ಲೆಂಡಿಗೆ ಮರಳಿದ ಅವರು ಲಂಡನ್ನಿನಲ್ಲಿ ವೈದ್ಯ ವೃತ್ತಿಯನ್ನು ಕೈಗೊಂಡರು. 1777ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು.

ಭಾರತಕ್ಕೆ ಆಗಮನ

ರಸೆಲ್ ಅವರ ಸಹೋದರ ಕ್ಲಾಡ್ ರಸೆಲ್ ಅವರು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಆಡಳಿತದಲ್ಲಿ ಅಧಿಕಾರಿಯಾಗಿದ್ದರು. 1781ರಲ್ಲಿ ಕ್ಲಾಡ್ ಅವರು ವಿಶಾಖಪಟ್ಟಣದ ಆಡಳಿತಾಧಿಕಾರಿಯಾಗಿ ಭಾರತಕ್ಕೆ ಹೊರಟಾಗ ಪ್ಯಾಟ್ರಿಕ್ ಅವರೂ ಜೊತೆಯಲ್ಲಿ ಬಂದರು. ಆಗ ಅವರಿಗೆ ಐವತ್ತನಾಲ್ಕು ವರ್ಷ ವಯಸ್ಸು. ಅಂದಿನ ಪ್ರಯಾಣ ಮತ್ತು ಹವಾಮಾನದ ಕಷ್ಟಗಳನ್ನು ನೆನೆದರೆ, ಆ ವಯಸ್ಸಿನಲ್ಲಿ ಹೊಸ ದೇಶಕ್ಕೆ ಬಂದು ಹೊಸ ಅಧ್ಯಯನವನ್ನು ಆರಂಭಿಸಿದುದು ಗಮನಾರ್ಹವಾಗಿದೆ.

ಕಂಪನಿಯ ಸೇವೆಯಲ್ಲಿದ್ದ ಪ್ರಕೃತಿ ವಿಜ್ಞಾನಿ ಜೊಹಾನ್ ಗೆರ್ಹಾರ್ಡ್ ಕೋನಿಗ್ ಅವರು 1785ರಲ್ಲಿ ನಿಧನರಾದರು. ಅವರ ಸ್ಥಾನಕ್ಕೆ ರಸೆಲ್ ಅವರನ್ನು ನೇಮಿಸಲಾಯಿತು. ಕೋರಮಂಡಲ ತೀರದ ಸಸ್ಯಗಳು, ಮೀನುಗಳು ಮತ್ತು ಹಾವುಗಳು ಅವರ ಅಧ್ಯಯನದ ವ್ಯಾಪ್ತಿಗೆ ಬಂದವು. ಇವರ ತರುವಾಯ ಈ ಹುದ್ದೆಯನ್ನು ವಹಿಸಿಕೊಂಡವರು ಪ್ರಸಿದ್ಧ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರೋ ಅವರು.

ಹಾವುಗಳ ಅಧ್ಯಯನ

ಕಂಪನಿಯ ನೌಕರರೂ ಸ್ಥಳೀಯ ಜನರೂ ಹಾವಿನ ಕಡಿತದಿಂದ ಸಾಯುತ್ತಿದ್ದುದು ರಸೆಲ್ ಅವರ ಗಮನವನ್ನು ಸೆಳೆಯಿತು. ಯಾವ ಹಾವು ವಿಷದ್ದು, ಯಾವುದು ನಿರಪಾಯಕಾರಿ ಎಂಬುದನ್ನು ಸಾಮಾನ್ಯ ಮನುಷ್ಯನು ತಿಳಿಯುವಂತಾದರೆ ಅನಗತ್ಯ ಭಯವೂ ತಪ್ಪುತ್ತದೆ, ಅಗತ್ಯ ಎಚ್ಚರಿಕೆಯೂ ಮೂಡುತ್ತದೆ ಎಂಬುದು ಅವರ ಆಶಯವಾಗಿತ್ತು. ಇದಕ್ಕಾಗಿ ಅವರು ಹಾವುಗಳನ್ನು ಸಂಗ್ರಹಿಸಿ, ಕೋಳಿ ಮತ್ತು ನಾಯಿಗಳ ಮೇಲೆ ಅವುಗಳ ವಿಷದ ಪರಿಣಾಮವನ್ನು ಪರೀಕ್ಷಿಸಿ, ಲಕ್ಷಣಗಳನ್ನು ದಾಖಲಿಸಿದರು. ಹಾವಿನ ಕಡಿತಕ್ಕೆ ಮದ್ದೆಂದು ಆಗ ಬಹು ಖ್ಯಾತಿ ಪಡೆದಿದ್ದ, ಪಾಷಾಣ ಬೆರೆತ ತಂಜಾವೂರು ಗುಳಿಗೆಯನ್ನೂ ಅವರು ಪರೀಕ್ಷೆಗೆ ಒಳಪಡಿಸಿದರು. ಅದರ ಖ್ಯಾತಿಗೆ ತಕ್ಕ ಫಲವು ಪರೀಕ್ಷೆಯಲ್ಲಿ ಕಂಡುಬರಲಿಲ್ಲ.

ರಸೆಲ್ ಅವರ ವಿವರಣೆಗಳು ಒಂದು ದಾಸ್ತಾನು ವಹಿಯಷ್ಟು ಕ್ರಮಬದ್ಧವಾಗಿವೆ. ಹಾವಿನ ಉದ್ದ, ಬಣ್ಣ, ತಲೆಯ ಮೇಲಿನ ಹುರುಪೆಗಳ ಜೋಡಣೆ, ಹೊಟ್ಟೆಯ ಪಟ್ಟಿಗಳ ಸಂಖ್ಯೆ, ಬಾಲದ ಪಟ್ಟಿಗಳ ಸಂಖ್ಯೆ, ಹಲ್ಲುಗಳ ಸ್ವರೂಪ ಇವುಗಳನ್ನು ಅವರು ಒಂದೊಂದಾಗಿ ನಮೂದಿಸಿದರು. ಜೊತೆಗೆ ಚಿತ್ರವನ್ನು ಸೇರಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಆ ಹಾವನ್ನು ಸ್ಥಳೀಯರು ಕರೆಯುತ್ತಿದ್ದ ಹೆಸರನ್ನು ತಮ್ಮ ಕಿವಿಗೆ ಕೇಳಿಸಿದಂತೆ ಬರೆದುಕೊಂಡರು. ಕೊಳಕುಮಂಡಲವು ಅವರ ಗ್ರಂಥದಲ್ಲಿ ಕಟುಕ ರೇಕುಲ ಪೊಡ ಎಂಬ ತೆಲುಗು ಹೆಸರಿನಿಂದ ದಾಖಲಾಗಿದೆ. ಹಳದಿ ಮತ್ತು ಕಪ್ಪು ಪಟ್ಟೆಗಳ ಒಂದು ಹಾವು ಬಂಗಾರುಂ ಪಾಮ ಎಂದು ದಾಖಲಾಗಿದೆ. ಕಟ್ಟುಹಾವುಗಳ ಕುಲಕ್ಕೆ ಇಂದಿಗೂ ಇರುವ ಬಂಗಾರಸ್ ಎಂಬ ವೈಜ್ಞಾನಿಕ ಹೆಸರು ಬಂದದ್ದು ಈ ದಾಖಲೆಯಿಂದಲೇ. ಕನ್ನಡಿಗರಿಗೂ ಪರಿಚಿತವಾದ ಬಂಗಾರ ಎಂಬ ಪದವು ಹೀಗೆ ಜಗತ್ತಿನ ಪ್ರಾಣಿವಿಜ್ಞಾನದ ಶಬ್ದಭಂಡಾರವನ್ನು ಸೇರಿತು.

ಕಡಲ ಹಾವುಗಳು ಒಡ್ಡಿದ ತೊಡಕು

ಆ ಕಾಲದಲ್ಲಿ ಹಾವುಗಳ ವರ್ಗೀಕರಣಕ್ಕೆ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ ಅವರ ಪದ್ಧತಿಯು ಪ್ರಮಾಣವಾಗಿತ್ತು. ಈ ಪದ್ಧತಿಯು ಹೆಚ್ಚಾಗಿ ಹೊಟ್ಟೆಯ ಮತ್ತು ಬಾಲದ ಅಡಿಭಾಗದ ಪಟ್ಟಿಗಳನ್ನು ಎಣಿಸುವುದರ ಮೇಲೆ ನಿಂತಿತ್ತು. ನೆಲದ ಹಾವುಗಳಿಗೆ ಹೊಟ್ಟೆಯ ಅಡಿಯಲ್ಲಿ ಅಗಲವಾದ ಪಟ್ಟಿಗಳಿರುತ್ತವೆ. ನೆಲದ ಮೇಲೆ ಹರಿಯಲು ಅವು ಸಹಾಯಕ. ಕಡಲಿನಲ್ಲಿಯೇ ಬಾಳುವ ಹಾವುಗಳಿಗೆ ಹರಿಯುವ ಅಗತ್ಯವಿಲ್ಲ. ಆದ್ದರಿಂದ ಬಹುತೇಕ ಕಡಲ ಹಾವುಗಳಲ್ಲಿ ಈ ಪಟ್ಟಿಗಳು ಕುಗ್ಗಿ, ಪಕ್ಕದ ಹುರುಪೆಗಳಿಗಿಂತ ಅಷ್ಟೇನೂ ಭಿನ್ನವಲ್ಲದ ಸಣ್ಣ ಹುರುಪೆಗಳಾಗಿವೆ. ಅವುಗಳ ಬಾಲವು ದೋಣಿಯ ಹುಟ್ಟಿನಂತೆ ಪಕ್ಕದಿಂದ ಚಪ್ಪಟೆಯಾಗಿರುತ್ತದೆ. ಮೂಗಿನ ಹೊಳ್ಳೆಗಳಿಗೆ ಮುಚ್ಚಿಕೊಳ್ಳುವ ಕವಾಟಗಳಿರುತ್ತವೆ. ದೇಹದೊಳಗೆ ಸೇರಿದ ಹೆಚ್ಚಿನ ಉಪ್ಪನ್ನು ಹೊರಹಾಕಲು ನಾಲಗೆಯ ಕೆಳಗೆ ಗ್ರಂಥಿ ಇರುತ್ತದೆ. ಆದರೂ ಉಸಿರಾಟಕ್ಕಾಗಿ ಅವು ನೀರಿನ ಮೇಲಕ್ಕೆ ಬರಲೇಬೇಕು.

ಎಣಿಕೆಯ ಪದ್ಧತಿಗೆ ಈ ಹಾವುಗಳು ಹೊಂದಿಕೊಳ್ಳಲಿಲ್ಲ. ಹಳದಿ ಹೊಟ್ಟೆಯ ಕಡಲ ಹಾವನ್ನು ಲಿನ್ನೇಯಸ್ ಅವರು 1766ರಲ್ಲಿ ಹೆಸರಿಸಿದಾಗ, ಹೊಟ್ಟೆಯ ಪಟ್ಟಿಗಳಿಲ್ಲವೆಂಬ ಕಾರಣಕ್ಕೆ ಅದನ್ನು ಕಾಲಿಲ್ಲದ ಹಲ್ಲಿಗಳೂ ಸೇರಿದ್ದ ಕುಲದಲ್ಲಿ ಇರಿಸಿದ್ದರು. ಬರಿಯ ಸಂಖ್ಯೆಯಿಂದ ಎಲ್ಲವನ್ನೂ ನಿರ್ಣಯಿಸಲು ಸಾಧ್ಯವಿಲ್ಲವೆಂಬುದಕ್ಕೆ ಇದು ಒಂದು ನಿದರ್ಶನ.

ರಸೆಲ್ ಅವರ ಕ್ರಮದ ಬೆಲೆ ಇಲ್ಲಿಯೇ ತಿಳಿಯುತ್ತದೆ. ಸಂಖ್ಯೆಯ ಜೊತೆಗೆ ಚಿತ್ರ, ಸ್ಥಳೀಯ ಹೆಸರು ಮತ್ತು ದೇಹದ ಇತರ ಲಕ್ಷಣಗಳೂ ಅವರ ದಾಖಲೆಯಲ್ಲಿದ್ದವು. ಅವರ ಗ್ರಂಥದಲ್ಲಿ ಕಡಲ ಹಾವುಗಳು ನಲ್ಲ ವಲಗಿಲಿ ಪಾಮು, ಚಿಟ್ಟುಲ್, ಹೂಗ್ಲಿ ಪಟ್ಟಿ, ವಲಕಡ್ಯನ್ ಮುಂತಾದ ಹೆಸರುಗಳಲ್ಲಿ ಕಾಣಿಸಿಕೊಂಡಿವೆ. ಇವು ತೀರದ ಜನರ ಬಾಯಲ್ಲಿದ್ದ ಹೆಸರುಗಳು. ತಮಿಳಿನಲ್ಲಿ ವಲೈ ಎಂದರೆ ಬಲೆ, ಕಡಿ ಎಂದರೆ ಕಚ್ಚು. ವಲಕಡ್ಯನ್ ಎಂಬ ಹೆಸರನ್ನು ಹೀಗೆ ಬಿಡಿಸಿದರೆ, ಬಲೆಯನ್ನು ಕಚ್ಚುವಂಥದು ಎಂಬ ಅರ್ಥವು ಕನ್ನಡ ಬಲ್ಲವರಿಗೂ ಹೊಳೆಯುತ್ತದೆ.

ಗ್ರಂಥಗಳ ಪ್ರಕಟಣೆ ಮತ್ತು ಕೊನೆಯ ದಿನಗಳು

ರಸೆಲ್ ಅವರು ತಮ್ಮ ಕೊನೆಯ ವರ್ಷಗಳನ್ನು ಲಂಡನ್ನಿನಲ್ಲಿ ಗ್ರಂಥರಚನೆಯಲ್ಲಿ ಕಳೆದರು. ಕೋರಮಂಡಲ ತೀರದಲ್ಲಿ ಸಂಗ್ರಹಿಸಿದ ಹಾವುಗಳನ್ನು ಕುರಿತ ಅವರ ಗ್ರಂಥದ ಮೊದಲ ಸಂಪುಟವು ಕಂಪನಿಯ ನಿರ್ದೇಶಕರ ಆದೇಶದಂತೆ 1796ರಲ್ಲಿ ಪ್ರಕಟವಾಯಿತು. ಇದು ಬಣ್ಣ ತುಂಬಿದ ಚಿತ್ರಫಲಕಗಳನ್ನು ಒಳಗೊಂಡ ದೊಡ್ಡ ಆಕಾರದ ಗ್ರಂಥ. ಇದರ ಮುಂದುವರಿದ ಭಾಗಗಳು 1801ರಿಂದ ಬಿಡಿಬಿಡಿಯಾಗಿ ಹೊರಬಂದವು. ಕಡಲ ಹಾವುಗಳ ಬಹುಮುಖ್ಯ ಚಿತ್ರಗಳು ಈ ಎರಡನೆಯ ಸಂಪುಟದಲ್ಲಿವೆ. ವಿಶಾಖಪಟ್ಟಣದಲ್ಲಿ ಸಂಗ್ರಹಿಸಿದ ಇನ್ನೂರು ಮೀನುಗಳ ವಿವರ ಮತ್ತು ಚಿತ್ರಗಳ ಗ್ರಂಥವು 1803ರಲ್ಲಿ ಪ್ರಕಟವಾಯಿತು. ಭಾರತದ ಸಮುದ್ರ ಮೀನುಗಳನ್ನು ಕುರಿತ ಆರಂಭದ ಗ್ರಂಥಗಳಲ್ಲಿ ಇದು ಮುಖ್ಯವಾದುದು.

ರಸೆಲ್ ಅವರು ಅವಿವಾಹಿತರಾಗಿಯೇ ಉಳಿದರು. 1804ರಲ್ಲಿ, ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿಯೂ, ನಾಗರಹಾವು ಹೆಡೆಯನ್ನು ಬಿಚ್ಚುವ ಬಗೆಯನ್ನು ಕುರಿತ ಅವರ ಪ್ರಬಂಧವು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕು ಕಂಡಿತು. 1805ರ ಜುಲೈ 2ರಂದು ಅವರು ಲಂಡನ್ನಿನಲ್ಲಿ ನಿಧನರಾದರು. ಆಗ ಹಾವುಗಳ ಗ್ರಂಥದ ಎರಡನೆಯ ಸಂಪುಟವು ಇನ್ನೂ ಪೂರ್ಣಗೊಂಡಿರಲಿಲ್ಲ. ಉಳಿದ ಭಾಗಗಳು ಅವರ ಮರಣಾನಂತರ ಪ್ರಕಟವಾಗಿ, ಕಾರ್ಯವು 1809ರಲ್ಲಿ ಮುಕ್ತಾಯವಾಯಿತು.

ವೈಜ್ಞಾನಿಕ ಹೆಸರುಗಳನ್ನು ಇಟ್ಟವರು

ರಸೆಲ್ ಅವರು ತಾವು ವಿವರಿಸಿದ ಹಾವುಗಳಿಗೆ ಲ್ಯಾಟಿನ್ ಭಾಷೆಯ ಎರಡು ಪದಗಳ ವೈಜ್ಞಾನಿಕ ಹೆಸರುಗಳನ್ನು ಇಡಲಿಲ್ಲ. ಸ್ಥಳೀಯ ಹೆಸರುಗಳನ್ನೇ ಶೀರ್ಷಿಕೆಯಾಗಿ ಬಳಸಿದರು. ಇದರಿಂದಾಗಿ ಹೆಸರಿಟ್ಟ ಕೀರ್ತಿಯು ಇತರರಿಗೆ ಸಂದಿತು. ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಶಾ ಅವರು 1797ರಲ್ಲಿ ಕೊಳಕುಮಂಡಲಕ್ಕೆ ರಸೆಲ್ ಅವರ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದರು. ಈ ಹಾವು ಇಂದು ಡಬೋಯಿಯಾ ರಸೆಲಿ ಎಂದು ಕರೆಯಲ್ಪಡುತ್ತದೆ.

ಕಡಲ ಹಾವುಗಳ ವಿಷಯದಲ್ಲಿ ಮುಖ್ಯವಾದ ಕೆಲಸ ಮಾಡಿದವರು ಫ್ರಾನ್ಸಿನ ಫ್ರಾಂಸ್ವಾ ಮರಿ ಡೋಡಾಂ ಅವರು. 1776ರಲ್ಲಿ ಜನಿಸಿದ ಇವರು ಕಾಲುಗಳ ಅಂಗವೈಕಲ್ಯದಿಂದ ಬಳಲುತ್ತಿದ್ದರು. ಭಾರತದ ಕಡಲನ್ನು ಕಾಣದ ಇವರು, ಸರೀಸೃಪಗಳನ್ನು ಕುರಿತ ತಮ್ಮ ಬಹುಸಂಪುಟಗಳ ಗ್ರಂಥದಲ್ಲಿ ರಸೆಲ್ ಅವರ ವಿವರಣೆ ಮತ್ತು ಚಿತ್ರಗಳನ್ನು ಆಧಾರವಾಗಿ ಬಳಸಿದರು. ಚಿಟ್ಟುಲ್ ಎಂಬ ಹಾವಿಗೆ 1803ರಲ್ಲಿ ಹೈಡ್ರೋಫಿಸ್ ಸಯನೋಸಿಂಕ್ಟಸ್ ಎಂದೂ, ಕೊಕ್ಕೆ ಮೂತಿಯ ಕಡಲ ಹಾವಿಗೆ ಅದೇ ವರ್ಷ ಹೈಡ್ರೋಫಿಸ್ ಸ್ಕಿಸ್ಟೋಸಸ್ ಎಂದೂ ಹೆಸರಿಟ್ಟರು. ಹೈಡ್ರೋಫಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ನೀರಿನ ಹಾವು ಎಂದರ್ಥ. ಡೋಡಾಂ ಅವರು ಅದೇ 1803ರಲ್ಲಿ ಕಿರಿಯ ವಯಸ್ಸಿನಲ್ಲಿಯೇ ನಿಧನರಾದರು. ಒಬ್ಬರು ಹಾವುಗಳನ್ನು ಕಣ್ಣಾರೆ ಕಂಡು ದಾಖಲಿಸಿದರೆ, ಇನ್ನೊಬ್ಬರು ಸಾವಿರಾರು ಮೈಲಿ ದೂರದಲ್ಲಿ ಕುಳಿತು ಆ ದಾಖಲೆಯನ್ನು ನಂಬಿ ಹೆಸರಿಟ್ಟರು. ದಾಖಲೆಯು ನಿಖರವಾಗಿದ್ದ ಕಾರಣ ಈ ಎರಡು ಹೆಸರುಗಳು ಇನ್ನೂರು ವರ್ಷಗಳ ನಂತರವೂ ಊರ್ಜಿತವಾಗಿವೆ.

ಒಂದು ಹಾವು, ಹಲವು ಹೆಸರು

ಕೊಕ್ಕೆ ಮೂತಿಯ ಕಡಲ ಹಾವಿನ ವರ್ಗೀಕರಣವು ಅಲ್ಲಿಗೇ ನಿಲ್ಲಲಿಲ್ಲ. ರಸೆಲ್ ಅವರು ಹೂಗ್ಲಿ ಪಟ್ಟಿ ಮತ್ತು ವಲಕಡ್ಯನ್ ಎಂದು ಬೇರೆ ಬೇರೆಯಾಗಿ ಚಿತ್ರಿಸಿದ ಹಾವುಗಳು ಒಂದೇ ಪ್ರಭೇದಕ್ಕೆ ಸೇರಿದವೆಂದು ಅನಂತರ ತಿಳಿದುಬಂದಿತು. ಆದರೆ ಅಷ್ಟರಲ್ಲಿ, 1827ರಲ್ಲಿ, ವಲಕಡ್ಯನ್ ಎಂಬ ಸ್ಥಳೀಯ ಹೆಸರನ್ನೇ ಬಳಸಿ ಇನ್ನೊಂದು ವೈಜ್ಞಾನಿಕ ಹೆಸರನ್ನು ಇಡಲಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಕೆಲವು ಪ್ರಮುಖ ಗ್ರಂಥಗಳಲ್ಲಿ ಈ ಹೆಸರೇ ಬಳಕೆಯಲ್ಲಿತ್ತು. 1849ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ ಅವರು ಈ ಹಾವಿಗಾಗಿ ಎನ್‌ಹೈಡ್ರಿನಾ ಎಂಬ ಪ್ರತ್ಯೇಕ ಕುಲವನ್ನು ರಚಿಸಿದರು. ಕೆಳದವಡೆಯ ತುದಿಯ ಹುರುಪೆಯು ಕಿರಿದಾಗಿ, ಕಠಾರಿಯ ಅಲಗಿನಂತೆ ಉದ್ದವಾಗಿ, ಒಂದು ಸೀಳಿನೊಳಗೆ ಹುದುಗಿರುವುದು ಈ ಹಾವನ್ನು ಗುರುತಿಸುವ ಮುಖ್ಯ ಲಕ್ಷಣ.

ಈ ನಡುವೆ ಕಡಲ ಹಾವುಗಳು ವಿಷಕಾರಿಯೋ ಅಲ್ಲವೋ ಎಂಬ ವಿಷಯದಲ್ಲಿಯೂ ಯುರೋಪಿನ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿತ್ತು. ಇವುಗಳ ವಿಷದ ಹಲ್ಲುಗಳು ಬಹಳ ಚಿಕ್ಕವು. ಕಂಪನಿಯ ಸೇವೆಯಲ್ಲಿದ್ದ ಡೆನ್ಮಾರ್ಕಿನ ವೈದ್ಯ ಥಿಯೊಡೋರ್ ಕ್ಯಾಂಟರ್ ಅವರು 1841ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇವು ವಿಷದ ಹಾವುಗಳೆಂಬುದನ್ನು ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಮುಂದೆ 1909ರಲ್ಲಿ ಫ್ರಾಂಕ್ ವಾಲ್ ಅವರೂ, 1926ರಲ್ಲಿ ಮಾಲ್ಕಂ ಸ್ಮಿತ್ ಅವರೂ ಕಡಲ ಹಾವುಗಳನ್ನು ಕುರಿತ ಸಮಗ್ರ ಗ್ರಂಥಗಳನ್ನು ಹೊರತಂದರು. ಈ ಇಬ್ಬರೂ ವೃತ್ತಿಯಿಂದ ವೈದ್ಯರಾಗಿದ್ದರೆಂಬುದು ಗಮನಿಸಬೇಕಾದ ಅಂಶ. ರಸೆಲ್ ಅವರು ಹಾಕಿಕೊಟ್ಟ ಪರಂಪರೆಯು ಹೀಗೆ ಮುಂದುವರಿಯಿತು.

ಇಪ್ಪತ್ತೊಂದನೆಯ ಶತಮಾನದಲ್ಲಿ ವಂಶವಾಹಿಗಳ ಅಧ್ಯಯನವು ಹಾವುಗಳ ಬಂಧುತ್ವವನ್ನು ಹೆಚ್ಚು ಸ್ಪಷ್ಟಪಡಿಸಿತು. ಕಡಲ ಹಾವುಗಳು ನಾಗರಹಾವು ಮತ್ತು ಕಟ್ಟುಹಾವುಗಳು ಸೇರಿರುವ ಎಲಾಪಿಡೆ ಎಂಬ ಕುಟುಂಬಕ್ಕೇ ಸೇರಿವೆ. ಎನ್‌ಹೈಡ್ರಿನಾ ಮೊದಲಾದ ಹಲವು ಚಿಕ್ಕ ಕುಲಗಳು ಹೈಡ್ರೋಫಿಸ್ ಕುಲದೊಳಗೇ ಬರುತ್ತವೆಂಬುದು 2013ರ ಅಧ್ಯಯನಗಳಿಂದ ತಿಳಿದುಬಂದಿತು. ಹೀಗಾಗಿ ಈ ಹಾವು ಡೋಡಾಂ ಅವರು 1803ರಲ್ಲಿ ಇಟ್ಟ ಮೂಲ ಹೆಸರಿಗೇ ಮರಳಿತು.

ಭೌಗೋಳಿಕ ಹಂಚಿಕೆ

ಜಗತ್ತಿನಲ್ಲಿ ಇಂದು ಸುಮಾರು 70 ಪ್ರಭೇದದ ಕಡಲ ಹಾವುಗಳನ್ನು ಗುರುತಿಸಲಾಗಿದೆ. ಇವು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಮಹಾಸಾಗರದ ಬೆಚ್ಚಗಿನ ನೀರಿನಲ್ಲಿ ವಾಸಿಸುತ್ತವೆ. ಅಟ್ಲಾಂಟಿಕ್ ಮಹಾಸಾಗರದಲ್ಲಿ ಇವುಗಳ ನೆಲೆ ಇಲ್ಲ. ಲಿನ್ನೇಯಸ್ ಅವರು ಹೆಸರಿಸಿದ ಹಳದಿ ಹೊಟ್ಟೆಯ ಹಾವು ತೆರೆದ ಸಮುದ್ರದಲ್ಲಿ ತೇಲುತ್ತಾ ಆಫ್ರಿಕದ ಪೂರ್ವ ತೀರದಿಂದ ಅಮೆರಿಕ ಖಂಡದ ಪಶ್ಚಿಮ ತೀರದವರೆಗೆ ಹರಡಿದೆ. ಇದಕ್ಕೆ ವ್ಯತಿರಿಕ್ತವಾಗಿ ಕೊಕ್ಕೆ ಮೂತಿಯ ಹಾವು ತೀರಕ್ಕೆ ಅಂಟಿಕೊಂಡಿರುವ ಜೀವಿ. ಕೆಸರು ತಳದ ಆಳವಿಲ್ಲದ ನೀರು, ಅಳಿವೆಗಳು ಮತ್ತು ಕಾಂಡ್ಲಾವನಗಳ ಅಂಚು ಇದರ ವಾಸಸ್ಥಾನ. ಮೀಸೆಮೀನುಗಳು ಇದರ ಮುಖ್ಯ ಆಹಾರ. ಇದು ಮೊಟ್ಟೆ ಇಡದೆ ನೀರಿನಲ್ಲಿಯೇ ಮರಿ ಹಾಕುತ್ತದೆ. ಭಾರತದ ಪಶ್ಚಿಮ ಕರಾವಳಿಯಲ್ಲಿ ಮೀನುಗಾರರ ಬಲೆಗೆ ಹೆಚ್ಚಾಗಿ ಸಿಕ್ಕುವ ಕಡಲ ಹಾವುಗಳಲ್ಲಿ ಇದೂ ಒಂದು.

ಬಹುಕಾಲದವರೆಗೆ ಈ ಪ್ರಭೇದವು ಪರ್ಷಿಯನ್ ಕೊಲ್ಲಿಯಿಂದ ಭಾರತ, ಶ್ರೀಲಂಕಾ ಮತ್ತು ಆಗ್ನೇಯ ಏಷ್ಯಾದ ಮೂಲಕ ಆಸ್ಟ್ರೇಲಿಯಾದ ಉತ್ತರ ತೀರದವರೆಗೆ ಹರಡಿದೆಯೆಂದು ಭಾವಿಸಲಾಗಿತ್ತು. 1985ರಲ್ಲಿ ರಷ್ಯಾದ ವಿಜ್ಞಾನಿ ಖಾರಿನ್ ಅವರು ನ್ಯೂಗಿನಿಯ ಹಾವನ್ನು ಪ್ರತ್ಯೇಕ ಪ್ರಭೇದವೆಂದು ಹೆಸರಿಸಿದರೂ ಆ ಅಭಿಪ್ರಾಯಕ್ಕೆ ವ್ಯಾಪಕ ಮನ್ನಣೆ ದೊರೆಯಲಿಲ್ಲ. 2013ರಲ್ಲಿ ಶ್ರೀಲಂಕಾದ ವಿಜ್ಞಾನಿ ಕನಿಷ್ಕ ಉಕುವೆಲ ಮತ್ತು ಸಂಗಡಿಗರು ವಿವಿಧ ದೇಶಗಳ ಹಾವುಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಏಷ್ಯಾದ ಹಾವೂ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಹಾವೂ ಬೇರೆ ಬೇರೆ ಪ್ರಭೇದಗಳೆಂದೂ, ಅವು ಪರಸ್ಪರ ಅತಿ ಸಮೀಪದ ಬಂಧುಗಳೂ ಅಲ್ಲವೆಂದೂ ತಿಳಿದುಬಂದಿತು. ಒಂದೇ ಬಗೆಯ ಜೀವನಕ್ರಮದಿಂದಾಗಿ ಎರಡರಲ್ಲಿಯೂ ಒಂದೇ ಬಗೆಯ ಕೊಕ್ಕೆ ಮೂತಿಯು ಪ್ರತ್ಯೇಕವಾಗಿ ವಿಕಾಸಗೊಂಡಿದೆ. ಏಷ್ಯಾದ ಹಾವು ಹೈಡ್ರೋಫಿಸ್ ಸ್ಕಿಸ್ಟೋಸಸ್ ಆಗಿಯೇ ಉಳಿಯಿತು. ಪೂರ್ವದ ಹಾವು ಹೈಡ್ರೋಫಿಸ್ ಜ್ವೈಫೆಲಿ ಎನಿಸಿತು.

ಒಂದನ್ನು ಎರಡಾಗಿ ವಿಂಗಡಿಸುವಾಗ ಹಳೆಯ ಹೆಸರು ಯಾವುದಕ್ಕೆ ಸೇರಬೇಕೆಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಹೆಸರಿಗೆ ಮೂಲ ಆಧಾರವಾದ ಹಾವು ದೊರೆತ ಸ್ಥಳವೇ ಇದಕ್ಕೆ ಉತ್ತರ. ಡೋಡಾಂ ಅವರ ಹೆಸರಿಗೆ ಆಧಾರವಾದದ್ದು ರಸೆಲ್ ಅವರ ಭಾರತದ ದಾಖಲೆ. ಆದ್ದರಿಂದ ಆ ಹೆಸರು ನಮ್ಮ ಕಡಲಿನ ಹಾವಿಗೇ ಸಲ್ಲುತ್ತದೆ. ಹಾವಿನ ರೂಪದೊಡನೆ ಅದರ ನೆಲೆಯನ್ನೂ ನಮೂದಿಸಬೇಕೆಂಬ ಶಿಸ್ತು ಎರಡು ಶತಮಾನಗಳ ಬಳಿಕ ಹೀಗೆ ಪ್ರಯೋಜನಕ್ಕೆ ಬಂದಿತು.

ವರ್ಗೀಕರಣ ಮತ್ತು ಚಿಕಿತ್ಸೆ

ಹೆಸರು ಮತ್ತು ನೆಲೆಯ ವಿಷಯವು ವಿದ್ವಾಂಸರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬಾರದು. ಮಲೇಷ್ಯಾದ ಪೆನಾಂಗ್‌ನಲ್ಲಿ ಸೇವೆ ಸಲ್ಲಿಸಿದ ವೈದ್ಯ ಎಚ್.ಎ. ರೀಡ್ ಅವರು 1950 ಮತ್ತು 1960ರ ದಶಕಗಳಲ್ಲಿ ಮೀನುಗಾರರ ಕಡಲ ಹಾವು ಕಡಿತದ ಪ್ರಕರಣಗಳನ್ನು ಅಧ್ಯಯನ ಮಾಡಿದರು. ಕೊಕ್ಕೆ ಮೂತಿಯ ಹಾವು ಅಲ್ಲಿನ ಕಡಿತಗಳಿಗೆ ಪ್ರಮುಖ ಕಾರಣವಾಗಿತ್ತು. ಇದರ ವಿಷವು ಮಾಂಸಖಂಡಗಳನ್ನು ಹಾನಿಗೊಳಿಸಿ, ಅದರಿಂದ ಮೂತ್ರಪಿಂಡಗಳಿಗೂ ತೊಂದರೆ ಉಂಟಾಗುವುದನ್ನು ಅವರ ಅಧ್ಯಯನವು ತೋರಿಸಿತು. ಆಸ್ಟ್ರೇಲಿಯಾದಲ್ಲಿ ತಯಾರಾಗುವ ಕಡಲ ಹಾವಿನ ಪ್ರತಿವಿಷಕ್ಕೆ ಏಷ್ಯಾದ ಈ ಹಾವಿನ ವಿಷವನ್ನೇ ಬಳಸಲಾಗಿದೆ. ಆಸ್ಟ್ರೇಲಿಯಾದ ಕೊಕ್ಕೆ ಮೂತಿಯ ಹಾವೇ ಬೇರೆಯೆಂದು ತಿಳಿದ ಮೇಲೆ, ಯಾವ ಹಾವಿನ ವಿಷಕ್ಕೆ ಯಾವ ಔಷಧಿ ಎಷ್ಟು ಪರಿಣಾಮಕಾರಿ ಎಂಬುದು ಪರೀಕ್ಷಿಸಬೇಕಾದ ವಿಷಯವಾಯಿತು.

ಭಾರತದಲ್ಲಿ ತಯಾರಾಗುವ ಬಹುಪ್ರಭೇದ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಈ ನಾಲ್ಕು ಹಾವುಗಳ ವಿಷಕ್ಕಾಗಿ ಸಿದ್ಧಪಡಿಸಿದ್ದಾಗಿದೆ. ಕಡಲ ಹಾವಿನ ವಿಷಕ್ಕಾಗಿ ಸಿದ್ಧಪಡಿಸಿದ್ದಲ್ಲ. ಆದ್ದರಿಂದ ಕಡಿತವಾಗದಂತೆ ಎಚ್ಚರ ವಹಿಸುವುದೂ, ಕಡಿತವಾದಲ್ಲಿ ವಿಳಂಬವಿಲ್ಲದೆ ಆಸ್ಪತ್ರೆಗೆ ಸೇರಿಸುವುದೂ ಅತ್ಯಗತ್ಯ.

ಸಾರ್ವಜನಿಕರ ಗಮನಕ್ಕೆ

1. ಬಲೆಯಲ್ಲಿ ಸಿಕ್ಕ ಕಡಲ ಹಾವನ್ನು ಸತ್ತಿದೆಯೆಂದು ಭಾವಿಸಿ ಬರಿಗೈಯಿಂದ ಮುಟ್ಟಬಾರದು. ಉದ್ದನೆಯ ಕೋಲಿನ ಸಹಾಯದಿಂದ ಬಿಡಿಸಿ ಕಡಲಿಗೆ ಬಿಡುವುದು ಸೂಕ್ತ.

2. ಅಳಿವೆಗಳ ಕದಡಿದ ನೀರಿನಲ್ಲಿ ಕಾಲಿಟ್ಟು ನಡೆಯುವಾಗ ಮತ್ತು ಬಲೆಯಿಂದ ಮೀನನ್ನು ಬೇರ್ಪಡಿಸುವಾಗ ವಿಶೇಷ ಎಚ್ಚರ ವಹಿಸಬೇಕು.

3. ಕಡಲ ಹಾವಿನ ಕಡಿತದಲ್ಲಿ ಆರಂಭದಲ್ಲಿ ನೋವು ಅಥವಾ ಊತ ಇಲ್ಲದಿರಬಹುದು. ಕೆಲವು ಸಮಯದ ನಂತರ ಮೈಕೈ ನೋವು, ಸ್ನಾಯುಗಳ ಬಿಗಿತ, ರೆಪ್ಪೆ ಜೋಲುವುದು, ಮೂತ್ರದ ಬಣ್ಣ ಕಪ್ಪಾಗುವುದು ಮುಂತಾದ ಲಕ್ಷಣಗಳು ಕಂಡುಬರಬಹುದು. ಲಕ್ಷಣಗಳು ಕಾಣಲೆಂದು ಕಾಯಬಾರದು.

4. ಕಡಿತವಾದ ಜಾಗವನ್ನು ಕೊಯ್ಯುವುದು, ಬಾಯಿಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಅಪಾಯಕರ. ಕಡಿತಕ್ಕೆ ಒಳಗಾದ ಕೈ ಅಥವಾ ಕಾಲನ್ನು ಅಲುಗಾಡಿಸದಂತೆ ಇರಿಸಿ, ವ್ಯಕ್ತಿಗೆ ಧೈರ್ಯ ಹೇಳಿ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

5. ಕಡಿತವಾದದ್ದು ಕಡಲಿನಲ್ಲಿಯೋ ಅಳಿವೆಯಲ್ಲಿಯೋ ಎಂಬುದನ್ನು, ಸಮಯವನ್ನು ಮತ್ತು ಹಾವಿನ ಬಾಲವು ಚಪ್ಪಟೆಯಾಗಿತ್ತೇ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ.

ಉಪಸಂಹಾರ

ಡಾ. ಪ್ಯಾಟ್ರಿಕ್ ರಸೆಲ್ ಅವರು ಕಂಪನಿಯ ಆಳ್ವಿಕೆಯ ಕಾಲದ ಅಧಿಕಾರಿ. ಅವರ ಕೆಲಸವು ಕಂಪನಿಯ ಹಿತಕ್ಕಾಗಿ ಆರಂಭವಾದುದು ನಿಜ. ಆದರೂ ತೀರದ ಜನರು ತಲೆಮಾರುಗಳಿಂದ ತಿಳಿದಿದ್ದ ಹೆಸರುಗಳನ್ನು ಅವರು ತಮ್ಮ ದಾಖಲೆಯಿಂದ ಅಳಿಸಿಹಾಕಲಿಲ್ಲ. ಹಾವುಗಳನ್ನು ಹಿಡಿದು ತಂದವರ, ಹೆಸರುಗಳನ್ನು ಹೇಳಿಕೊಟ್ಟವರ ಹೆಸರುಗಳು ಇಂದು ಜನಮನದಲ್ಲಿ ಉಳಿದಿಲ್ಲವಾದರೂ, ಅವರ ಮಾತುಗಳು ಆ ಗ್ರಂಥದ ಶೀರ್ಷಿಕೆಗಳಲ್ಲಿ ಉಳಿದಿವೆ. ಹೊಸ ಉಪಕರಣಗಳು ಬಂದಂತೆ ಕುಲಗಳ ಹೆಸರು ಬದಲಾಯಿತು, ಹಂಚಿಕೆಯ ಗಡಿಗಳು ಬದಲಾದವು. ಎಲ್ಲಿ, ಯಾವ ಹಾವು, ಹೇಗಿತ್ತು ಎಂಬ ಮೂಲ ದಾಖಲೆಯು ಮಾತ್ರ ಬದಲಾಗದೆ ಉಪಯೋಗಕ್ಕೆ ಬರುತ್ತಿದೆ.

ನಮ್ಮ ಕರಾವಳಿಯ ಮೀನುಗಾರರಲ್ಲಿಯೂ ಕಡಲ ಜೀವಿಗಳ ಬಗ್ಗೆ ಅಪಾರವಾದ ಅನುಭವ ಜ್ಞಾನವಿದೆ. ಬಲೆಗೆ ಸಿಕ್ಕ ಹಾವು ಯಾವ ತಿಂಗಳಲ್ಲಿ, ಯಾವ ಅಳಿವೆಯ ಬಳಿ, ಎಷ್ಟು ಆಳದಲ್ಲಿ ದೊರೆಯಿತೆಂಬುದನ್ನು ಹಿರಿಯರು ನೆನಪಿನಿಂದಲೇ ಹೇಳಬಲ್ಲರು. ಈ ಜ್ಞಾನವು ಅವರೊಡನೆಯೇ ಮರೆಯಾಗದಂತೆ ಸಂಶೋಧಕರೂ ವಿದ್ಯಾರ್ಥಿಗಳೂ ಅವರಿಂದ ಕೇಳಿ ಬರೆದಿಡುವುದು ರಸೆಲ್ ಅವರ ಸ್ಮರಣೆಗೆ ತಕ್ಕ ಕಾರ್ಯವಾಗುತ್ತದೆ.